ಹನ್ನೆರಡು ಬಾಗಿಲಿನ ಅಂಗಡಿ

ಕಲ್ಲಣ್ಣನ ಫೋನು ಬಂದಾಗ ದಿಗಂಬರನ ಅರ್ಧ ಮುಖಕ್ಕೆ ಸಾಬೂನಿನ ನೊರೆ ಇತ್ತು. ಮಗಳನ್ನು ಕೊಡಲಿರುವ ಮನೆಯ ಯಜಮಾನ, ಎತ್ತದೆ ಬಿಡುವಂತಿಲ್ಲ. ನೊರೆಯಿಲ್ಲದ ಕಡೆಯ ಕಿವಿಗೆ ಫೋನು ಹಿಡಿದು, ಕನ್ನಡಿಯೊಳಗಿನ ಅರ್ಧ ಬಿಳಿಯ ಮನುಷ್ಯನಿಗೇ ನಮಸ್ಕಾರ ಮಾಡುವವನಂತೆ ತಲೆ ಬಾಗಿಸಿ, "ಹೇಳ್ರಿ ಬೀಗರ" ಎಂದ.

"ನೀರು ಇಳದೈತ್ರೀ! ಹೊಳಿಕಟ್ಟಿ ಮ್ಯಾಲ ಎದ್ದೈತಿ!" ಕಲ್ಲಣ್ಣ ಫೋನಿನಲ್ಲಿ ಮಾತಾಡುವುದೆಂದರೆ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿದಂತೆ. "ಹಿಂದಿನ ಮಂದಿ ಎಲ್ಲಾ ರವಿವಾರ ಅಲ್ಲೇ ಕೂಡಾಕತ್ತಾರ. ತಮ್ಮ ತಮ್ಮ ಮನಿ ಪಾಯಾದ ಮ್ಯಾಲ ಕುಂತು ಊಟಾ ಮಾಡೂದಂತ ಠರಾಯಿಸ್ಯಾರ. ನೀವೂ ಬರಬೇಕು. ಅಜ್ಜಾರ ಲಗ್ನದ ಫೋಟೋ ತರ್ರಿ. ನಿಮ್ಮ ಹನ್ನೆರಡು ಬಾಗಲದ ಅಂಗಡಿ ಎಲ್ಲಿತ್ತು, ನಮ್ಮ ಹುಡುಗನೂ ನೋಡಲಿ."

ಫೋನು ಇಟ್ಟ ಮೇಲೂ ದಿಗಂಬರ ಕನ್ನಡಿಯ ಮುಂದೆ ಹಾಗೆಯೇ ನಿಂತಿದ್ದ. ನೊರೆ ಒಣಗಿ ಚರ್ಮ ಬಿಗಿಯುತ್ತಿತ್ತು. ಹೊಳಿಕಟ್ಟಿ ಬೋರಿ ನದಿಯ ದಂಡೆಯ ಮೇಲಿದ್ದ ಊರು. ಕುರನೂರಿನ ಕಡೆ ಅಣೆಕಟ್ಟು ಬಂದಾಗ ಹಿನ್ನೀರಿನ ಕೆಳಗೆ ಹೋಗಿತ್ತು. ನೂರು ವರ್ಷದ ಹಿಂದೆ ಅಲ್ಲಿ ಗಾಣದವರು, ಬೆಲ್ಲದ ಅಡತಿಯವರು, ಕಂಚುಗಾರರು, ಮನೆ ತುಂಬ ಆಳುಗಳಿದ್ದ ಒಕ್ಕಲು ಮನೆತನದವರು ಇದ್ದರಂತೆ. ಅವರ ನಡುವೆ ದಿಗಂಬರನ ಅಜ್ಜನದು ಬಟ್ಟೆಯ ಅಂಗಡಿ. ಊರು ಮುಳುಗಿದ್ದು ದಿಗಂಬರನ ಮನೆತನಕ್ಕೆ ಆದ ದೊಡ್ಡ ಉಪಕಾರ. ನೀರಿನ ಕೆಳಗಿನ ಅಂಗಡಿಯನ್ನು ಅಳೆಯಲು ಯಾರೂ ಇಳಿಯುವುದಿಲ್ಲ. ಮಿಲ್ಲಿನಲ್ಲಿ ಕಾರಕೂನನಾಗಿದ್ದ ಅಪ್ಪ, ಸೊಲ್ಲಾಪುರದ ಸಾಲುಮನೆಗಳ ಚಾಳಿನ ಜಗಲಿಯಲ್ಲಿ ಕುಳಿತು ನೆರೆಯವರಿಗೆ, "ನಮ್ಮ ಅಂಗಡಿಗೆ ಎರಡು ಬಾಗಲಾ ಇದ್ದೂರಿ" ಎನ್ನುತ್ತಿದ್ದ. ನಿವೃತ್ತನಾದ ಮೇಲೆ ಅವು ನಾಲ್ಕಾದವು. ಕಾಲೇಜು ಕಚೇರಿಯಲ್ಲಿ ದಿಗಂಬರ ಹೆಡ್ ಕ್ಲಾರ್ಕ್ ಆಗುವ ಹೊತ್ತಿಗೆ ಅಂಗಡಿಯೂ ಬಡ್ತಿ ಪಡೆದು ಎಂಟು ಬಾಗಿಲಿನದಾಗಿತ್ತು. ಹೆಣ್ಣು ನೋಡಲು ಬಂದ ದಿನ ಕಲ್ಲಣ್ಣ ಅವಲಕ್ಕಿಯ ತಾಟನ್ನು ತೊಡೆಯ ಮೇಲಿಟ್ಟುಕೊಂಡು, "ನಮ್ಮ ವಾಡೇದ ತಲಬಾಗಲದಾಗ ಆನಿ ಹಾಯತಿತ್ತು" ಎಂದಾಗ, ದಿಗಂಬರನ ಬಾಯಿಂದ ಹನ್ನೆರಡು ಎಂಬ ಸಂಖ್ಯೆ ತಾನಾಗಿಯೇ ಜಾರಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಚಹದ ತಾಟು ಹಿಡಿದಿದ್ದ ದ್ವಾರಕಾ ಒಂದು ಕ್ಷಣ ನಿಂತು ಗಂಡನ ಮುಖ ನೋಡಿದಳು. ಆ ನೋಟ ಇವತ್ತಿಗೂ ಅವನ ಬೆನ್ನಿಗೆ ತಾಗಿಕೊಂಡಿತ್ತು.

ರವಿವಾರ ಮಗಳು ಭಕ್ತಿಯೇ ಕಾರು ನಡೆಸಿದಳು. ಹಿಂದಿನ ಸೀಟಿನಲ್ಲಿ ದ್ವಾರಕಾ, ಅವಳ ತೊಡೆಯ ಮೇಲೆ ಚಾದರದಲ್ಲಿ ಸುತ್ತಿದ ಅಜ್ಜನ ಫೋಟೋ. ಅಕ್ಕಲಕೋಟೆಯ ರಸ್ತೆಗೆ ಹತ್ತಿದಾಗ ದಿಗಂಬರನ ಕೈ ತನ್ನಷ್ಟಕ್ಕೆ ಕಿವಿಯ ಕೆಳಗೆ ಹೋಯಿತು. ಅಲ್ಲಿ ಬೆಳಗಿನ ಕ್ಷೌರದಲ್ಲಿ ಬ್ಲೇಡು ತಪ್ಪಿ ಉಳಿದ ಒಂದು ಗೆರೆ ಗಡ್ಡ. ನಾಲ್ಕು ಸಲ ಮುಟ್ಟಿ ನೋಡಿದ. ಊರೆಲ್ಲ ಅದನ್ನೇ ನೋಡುತ್ತದೆ ಅನ್ನಿಸಿತು. ಅನ್ನಿಸಿದ್ದೇ ತಡ, ಬಾಗಿಲುಗಳನ್ನು ಈಗಲೇ ಒಂದಿಷ್ಟು ಕಡಿಮೆ ಮಾಡಿಕೊಳ್ಳುವುದು ಲೇಸು ಎಂದೂ ಅನ್ನಿಸಿತು. ಆಡುವ ಮಾತಿಗೆ ಕೆಮ್ಮಿನ ಹೊದಿಕೆ ಹಾಕಿ ಹೇಳಿದ:

"ಹನ್ನೆರಡು ಅಂದರ, ನಮ್ಮಪ್ಪ ಕಿಡಕೀನೂ ಹಿಡದು ಹೇಳಿದ್ದು ಇರಬೇಕು."

"ಬಾಬಾ, ಖರೆ ಹೇಳ್ರಿ, ಎಷ್ಟು ಇದ್ದೂ?" ಎಂದಳು ಭಕ್ತಿ, ಕನ್ನಡಿಯಲ್ಲಿ ಹಿಂದಿನ ಲಾರಿಯನ್ನು ನೋಡುತ್ತ.

"ನಾ ಏನು ನೋಡೀನೇನು? ಎಂಟಂತೂ ಇದ್ದೇ ಇದ್ದೂ."

"ಅಕ್ಕಲಕೋಟಿ ಬರೂದರಾಗ ನಾಕು ಹೋದೂ," ಎಂದಳು ದ್ವಾರಕಾ. "ಹೊಳಿ ಮುಟ್ಟೂದರಾಗ ಅಂಗಡೀನ ಉಳಿಯೂದಿಲ್ಲ ತಗೋ."

ಮಗಳು ನಕ್ಕಳು. ದಿಗಂಬರ ಕಿಟಕಿಯ ಕಡೆ ತಿರುಗಿದ. ಕಬ್ಬು ಕಡಿದ ಹೊಲಗಳು ಓಡುತ್ತಿದ್ದವು. ಚಿಕ್ಕವನಿದ್ದಾಗ ಒಮ್ಮೆ ಅಪ್ಪನಿಗೆ ಕೇಳಿದ್ದ: ಅಷ್ಟು ದೊಡ್ಡ ಬಟ್ಟೆ ಅಂಗಡಿ ಇದ್ದರೆ ಮನೆಯಲ್ಲಿ ಆ ಅಂಗಡಿಯ ಒಂದು ಚಿಂದಿಯೂ ಯಾಕಿಲ್ಲ? ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋಗಿದ್ದ, ಸಂಜೆಯವರೆಗೆ ಬರಲಿಲ್ಲ. ಅದೇ ಅಪ್ಪ ನಿವೃತ್ತಿಯ ದಿನ, ಫೋಟೋಕ್ಕೆ ನಿಲ್ಲುವಾಗ, ಸಾಹೇಬರು ತಮ್ಮದೇ ಕೋಟು ಬಿಚ್ಚಿ ಕೊಟ್ಟರೆ ಮುಟ್ಟಲಿಲ್ಲ. "ಇನ್ನೊಬ್ಬರ ಕೋಟು ಹಾಕ್ಕೊಂಡವರನ್ನು ಭಾಳ ನೋಡೀನ್ರಿ" ಎಂದು ಶರ್ಟಿನಲ್ಲೇ ನಿಂತ. ಎಂಥ ಸ್ವಾಭಿಮಾನಿ ಎಂದು ದಿಗಂಬರ ಅಂದು ಎದೆಯುಬ್ಬಿಸಿಕೊಂಡಿದ್ದ. "ಬಾಬಾ, ಇಳೀರಿ," ಎಂದಳು ಭಕ್ತಿ. ಕಾರು ಯಾವಾಗ ನಿಂತಿತೋ ಅವನಿಗೆ ತಿಳಿಯಲಿಲ್ಲ.

ನೀರು ದೂರ ಸರಿದಿತ್ತು. ಒಣಗಿ ಬಿರಿದ ಕೆಸರಿನ ಬಯಲಲ್ಲಿ ಕರಿಕಲ್ಲಿನ ಪಾಯಗಳು ಸಾಲಾಗಿ ಕಾಣುತ್ತಿದ್ದವು. ಗೋಡೆ, ಮಾಡು, ಕಂಬ ಒಂದೂ ಇಲ್ಲ. ಮನುಷ್ಯರು ಎದ್ದುಹೋದ ಮೇಲೆ ಉಳಿದ ಮಣೆಗಳ ಹಾಗೆ ಬರೀ ಪಾಯಗಳು. ಅವುಗಳ ಮೇಲೆ ಜನ ಆಗಲೇ ಚಾಪೆ ಹಾಸಿ, ನೀರಿನ ಕ್ಯಾನು ಇಟ್ಟು, ಒಬ್ಬರ ಅಡುಗೆಮನೆಯಿಂದ ಇನ್ನೊಬ್ಬರ ದೇವರಮನೆಗೆ ಕೂಗಿ ಮಾತಾಡುತ್ತಿದ್ದರು. ನಡುವೆ ಒಂದು ಪೆಂಡಾಲು. ಬಿಳಿ ಟೋಪಿಯ ಕಲ್ಲಣ್ಣ ನೀರಿನಂಚಿನಲ್ಲಿ ಎರಡೂ ಕೈ ಚಾಚಿ ನಿಂತಿದ್ದ. ಜೊತೆಗೆ ಮಗ ಕೈಲಾಸ, ಭಕ್ತಿಯನ್ನು ಮದುವೆಯಾಗುವ ಹುಡುಗ.

"ಬರ್ರಿ ಬೀಗರ! ನಮ್ಮ ವಾಡೆ ಅಲ್ಲೈತಿ ನೋಡ್ರಿ," ಎಂದು ಕಲ್ಲಣ್ಣ ನೀರಿನ ನಡುವೆ ಕೊಕ್ಕರೆಯೊಂದು ನಿಂತ ಕಡೆ ತೋರಿಸಿದ. "ಅಲ್ಲಿಂದ ಹಿಡದು, ಆ ಜಾಲಿ ಗಿಡಾ ಕಾಣತೈತಲ್ಲ, ಅಲ್ಲೀತನಕ. ಇನ್ನಾ ನೀರಾಗ ಐತಿ. ನಾವು ಹನ್ನೂರಿಗೆ ಹೋಗಿ ಹೊಲಾ ಹಿಡದಿವಿ, ಆದರ ಮೂಲ ವಾಡೆ ಅದು."

ದಿಗಂಬರನಿಗೆ ಹೊಟ್ಟೆಯೊಳಗೆ ಕಿಚ್ಚು ಬಿತ್ತು. ಎಂಥ ಪುಣ್ಯವಂತ! ಇವನ ವಾಡೆ ಇನ್ನೂ ನೀರಿನಲ್ಲಿದೆ. ಕೈ ಚಾಚಿದಷ್ಟು ಅಗಲ. ಇನ್ನೆರಡು ಮಳೆ ಬಂದರೆ ಆನೆಯ ಜೊತೆ ಅಂಬಾರಿಯೂ ಹಾಯಬಹುದು. ತನ್ನದು ಮಾತ್ರ ಇಲ್ಲೆಲ್ಲೋ ಬಿಸಿಲಿಗೆ ಬಿದ್ದು, ಯಾರು ಬೇಕಾದರೂ ಗೇಣು ಹಾಕಿ ನೋಡಲಿ ಎಂದು ಬಾಯಿ ತೆರೆದುಕೊಂಡಿದೆ.

"ನಿಮ್ಮದು ಯಾವುದ್ರೀ?" ಎಂದ ಕಲ್ಲಣ್ಣ.

ಪಾಯಗಳ ಸಾಲಿನ ಕೊನೆಯಲ್ಲಿ, ಉಳಿದವಕ್ಕಿಂತ ದೊಡ್ಡದಾದ, ಯಾರೂ ಕುಳಿತಿರದ ಒಂದು ಪಾಯ ದಿಗಂಬರನಿಗೆ ಕಂಡಿತು. ಸುತ್ತ ಕಲ್ಲಿನ ಸಾಲು, ಸಾಲಿನಲ್ಲಿ ಅಲ್ಲಲ್ಲಿ ಸಂದು. ಒಂದು, ಎರಡು, ಮೂರು... ಏಳು ಸಂದು! ಏಳಿದ್ದಲ್ಲಿ ಹನ್ನೆರಡು ಯಾಕಿರಬಾರದು? ಅಪ್ಪ ಸುಳ್ಳು ಹೇಳಿರಲಿಲ್ಲ, ಪಾಪ, ಕಡಿಮೆಯೇ ಹೇಳಿದ್ದ. "ಇದ ನೋಡ್ರಿ ನಮ್ಮದು" ಎಂದು ಅವನು ಆ ಪಾಯದ ಮೇಲೆ ಹತ್ತಿ, ಗಲ್ಲಾಪೆಟ್ಟಿಗೆ ಇದ್ದಿರಬಹುದಾದ ಮೂಲೆಯನ್ನು ಆರಿಸಿ, ಕಾಲು ಮಡಚಿ ಕುಳಿತ. ಪುಣ್ಯದ ಆ ಘಳಿಗೆಯಲ್ಲಿ ಗಡ್ಡದ ಗೆರೆಯೂ ಮರೆತುಹೋಗಿತ್ತು.

ಚಾಪೆ ಹೊತ್ತು ಓಡಾಡುತ್ತಿದ್ದ ಬೀರಣ್ಣ, ಊಟದ ವ್ಯವಸ್ಥೆ ಹಿಡಿದವನು, ಹಾದುಹೋಗುತ್ತ ನಿಂತ. "ಕಾಕಾ, ಅಲ್ಲಿ ಬ್ಯಾಡ್ರಿ. ಅದು ಕೊಂಡವಾಡ."

"ಏನು?"

"ಕೊಂಡವಾಡ್ರೀ. ಮಂದಿ ಹೊಲಾ ಮೇದ ದನಾ ಹಿಡದು ಕೂಡಿ ಹಾಕತಿದ್ರಲ್ಲ, ಸರಕಾರದ್ದು. ಆ ಸಂದಿನಾಗ ಗೂಟಾ ಇದ್ದೂ."

ಕೈಲಾಸ ಕೆಳತುಟಿ ಕಚ್ಚಿಕೊಂಡು ಆಕಾಶ ನೋಡಿದ. ದಿಗಂಬರ ಎದ್ದ, ಎದ್ದದ್ದು ಬೀರಣ್ಣನ ಮಾತಿಗಲ್ಲ, ಕಾಲು ಜೋಮು ಹಿಡಿದದ್ದಕ್ಕೆ ಎಂದು ತೋರಿಸಲು ಒಂದು ಕಾಲನ್ನು ಎರಡು ಸಲ ಝಾಡಿಸಿದ. "ಬಾಜೂಕ ಇದ್ದೀತು ನಿಮ್ಮದು," ಎಂದು ಕಲ್ಲಣ್ಣ ದೊಡ್ಡ ಮನಸ್ಸು ಮಾಡಿದ. ಆ ಕರುಣೆಯೇ ಹೆಚ್ಚು ಉರಿಯಿತು. "ಬರ್ರಿ, ಮೊದಲ ನಮ್ಮ ಅಜ್ಜನ ಫೋಟೋ ನೋಡೀರಂತ."

ಪೆಂಡಾಲಿನಲ್ಲಿ ಹಗ್ಗ ಕಟ್ಟಿ, ಮನೆ ಮನೆಯಿಂದ ತಂದ ಮದುವೆಯ ಹಳೇ ಫೋಟೋಗಳನ್ನು ತೂಗುಹಾಕಿದ್ದರು. ಸೊಲ್ಲಾಪುರದಿಂದ ಫೋಟೋದವನನ್ನು ಚಕ್ಕಡಿಯಲ್ಲಿ ಕರೆತಂದು ತೆಗೆಸಿದ ಕಾಲದವು. ಕಲ್ಲಣ್ಣ ನಡುವಿನ ಚೌಕಟ್ಟಿನ ಮುಂದೆ ನಿಂತು, "ನಮ್ಮ ಅಜ್ಜ ಶಾಂತಪ್ಪ. ಕೋಟು ನೋಡ್ರಿ! ಮುಂಬೈದಾಗ ಪಾರಸೀ ಟೇಲರ್ ಹೊಲದಿದ್ದು" ಎಂದ. ಕೋಟು ನಿಜಕ್ಕೂ ಭರ್ಜರಿಯಾಗಿತ್ತು. ಕಪ್ಪು, ಮೊಣಕಾಲಿನವರೆಗೆ, ಎದೆಗೆ ಸಾಲು ಗುಂಡಿ. ದಿಗಂಬರ ತಲೆದೂಗಿ ಪಕ್ಕದ ಫೋಟೋಕ್ಕೆ ಸರಿದ. ಅದು ಗಾಣದವರದು, ಮದುಮಗ ಕಡ್ಡಿಯಂಥವನು, ಕೋಟು ಗೂಟಕ್ಕೆ ಸಿಕ್ಕಿಸಿದ ಹಾಗೆ ಜೋತಿತ್ತು. ಅದರಾಚೆಯದು ಅಡತಿಯವರದು; ಮದುಮಗ ಪೀಪಾಯಿಯಂಥವನು, ಕೆಳಗಿನ ಗುಂಡಿಗಳು ಕೂಡಿರಲಿಲ್ಲ. ಅದರಾಚೆ ಒಬ್ಬ ಹುಡುಗ. ತೋಳು ಬೆರಳುಗಳನ್ನೂ ನುಂಗಿತ್ತು, ಕೈಯಲ್ಲಿ ಹಿಡಿದ ತೆಂಗಿನಕಾಯಿ ತೋಳಿನಿಂದಲೇ ಬೆಳೆದಂತೆ ಕಾಣುತ್ತಿತ್ತು. ದಿಗಂಬರ ಮುಂದೆ ಹೋದವನು ಹಿಂದೆ ಬಂದ. ಮೇಲಿನಿಂದ ಮೂರನೆಯ ಗುಂಡಿ. ಉಳಿದವೆಲ್ಲ ಕಪ್ಪು, ಮೂರನೆಯದು ಬಿಳಿ ಚಿಪ್ಪಿನದು. ಕಡ್ಡಿಯ ಎದೆಯ ಮೇಲೆ ಬಿಳಿ, ಪೀಪಾಯಿಯ ಎದೆಯ ಮೇಲೆ ಬಿಳಿ, ಹುಡುಗನ ಹೊಟ್ಟೆಯ ಮೇಲೆ ಬಿಳಿ. ಶಾಂತಪ್ಪನ ಎದೆಯ ಮೇಲೂ.

ಆ ಗುಂಡಿ ಅವನಿಗೆ ಹುಟ್ಟಿದಾಗಿನಿಂದ ಪರಿಚಯ. ಮನೆಯ ಪಡಸಾಲೆಯಲ್ಲಿ, ಗಡಿಯಾರದ ಕೆಳಗೆ, ಅಜ್ಜನ ಎದೆಯ ಮೇಲೆ ಅದು ಐವತ್ತು ವರ್ಷ ಅವನನ್ನು ನೋಡಿತ್ತು. ಬೆವರು ಕಿವಿಯ ಹಿಂದಿನಿಂದ ಇಳಿದು ಗಡ್ಡದ ಗೆರೆಯಲ್ಲಿ ನಿಂತಿತು. ಒಂದೇ ಕೋಟು. ಊರಿಗೆಲ್ಲ ಒಂದೇ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದದ್ದು, ಶರ್ಟಿನಲ್ಲೇ ಫೋಟೋಕ್ಕೆ ನಿಂತದ್ದು, ಅಂಗಡಿಯ ಒಂದು ಚಿಂದಿಯೂ ಮನೆಯಲ್ಲಿ ಉಳಿಯದೆ ಹೋದದ್ದು, ಎಲ್ಲವೂ ಸರಸರನೆ ಬಂದು ಅವನೆದುರು ಸಾಲಾಗಿ ನಿಂತವು. ಮಾರಿದ್ದರೆ ತಾನೇ ಚಿಂದಿ ಉಳಿಯುವುದು. ಅಜ್ಜ ಬಟ್ಟೆ ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿದ್ದ. ಕೆಟ್ಟದ್ದೇನಲ್ಲ ಎಂದು ಬುದ್ಧಿ ಹೇಳಿತು. ಕಾಲುಗಳು ಮಾತ್ರ ಕಾರಿನ ಕಡೆ ತಿರುಗಿದ್ದವು. ಯಾರಾದರೂ ಗುಂಡಿ ನೋಡಿದರೆ ಮುಗಿಯಿತು. ತನ್ನ ಮಾನವೊಂದೇ ಅಲ್ಲ, ಪಾರಸೀ ಟೇಲರನೂ ಸಾಯುತ್ತಾನೆ. ಟೇಲರ್ ಸತ್ತರೆ ಕಲ್ಲಣ್ಣ ಸುಮ್ಮನಿರುವನೇ? ಎಷ್ಟು ಮದುವೆಗಳು ಇದಕ್ಕಿಂತ ಸಣ್ಣ ಮಾತಿಗೆ ಮುರಿದಿಲ್ಲ! ನಮ್ಮ ಫೋಟೋವೊಂದು ಚಾದರದಿಂದ ಹೊರಗೆ ಬರದಿದ್ದರೆ ಸಾಕು.

"ನಿಮ್ಮ ಅಜ್ಜಾರ ಫೋಟೋ?" ಎಂದ ಕಲ್ಲಣ್ಣ.

"ಗಡಿಬಿಡಿಯೊಳಗ ಮನ್ಯಾಗ ಉಳೀತ್ರಿ."

"ಎಲ್ಲಿ ಉಳೀತು?" ಎಂದಳು ದ್ವಾರಕಾ. "ಇಲ್ಲಿತನಾ ತೊಡಿಮ್ಯಾಲ ಹೊತ್ಕೊಂಡ ಬಂದೀನಲ್ಲ."

ಭಾವೀ ಅತ್ತೆಯ ಕೈಯಿಂದ ಕೈಲಾಸ ಲಗುಬಗೆಯಿಂದ ಫೋಟೋ ಇಸಿದುಕೊಂಡ. ಒಳ್ಳೆಯ ಹುಡುಗ, ಕೆಲಸ ಹೇಳುವ ಮೊದಲೇ ಮಾಡುವವನು. ಅಂಥ ಗುಣ ಅವನಿಗೆ ಯಾಕಾದರೂ ಬಂತೋ ಎಂದು ದಿಗಂಬರ ಆ ಹೊತ್ತಿಗೆ ಹಲುಬಿದ. ಹುಡುಗ ಚಾದರ ಬಿಚ್ಚಿ, ಗಾಜು ಒರೆಸಿ, ಬೀಗರ ಗೌರವಕ್ಕೆಂದು ಅದನ್ನು ಶಾಂತಪ್ಪನ ಪಕ್ಕದಲ್ಲೇ ತೂಗುಹಾಕಿದ. ಎರಡು ಬಿಳಿ ಗುಂಡಿಗಳು ಅಕ್ಕಪಕ್ಕ ನಿಂತು ಎರಡು ಕಣ್ಣುಗಳ ಹಾಗೆ ದಿಗಂಬರನನ್ನು ನೋಡಿದವು.

ಯಾರೂ ಏನೂ ಗಮನಿಸಲಿಲ್ಲ. ಅವನು ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಕಲ್ಲಣ್ಣನ ತಾಯಿ ಗುರುಲಿಂಗಮ್ಮ ಕೋಲೂರಿಕೊಂಡು ಬಂದಳು. ತೊಂಬತ್ತು ದಾಟಿದ ಮುದುಕಿ. ಇದೇ ಊರಿಗೆ ಸಣ್ಣವಳಿದ್ದಾಗ ಸೊಸೆಯಾಗಿ ಬಂದವಳು. ಹೋದ ದೀಪಾವಳಿಗೆ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಅಂದಿನಿಂದ ಕಂಡದ್ದನ್ನೆಲ್ಲ ಹೆಸರು ಹಿಡಿದು ಹೇಳುವ ಉಮೇದು. ಎರಡು ಫೋಟೋಗಳ ನಡುವೆ ಮೂಗು ತೂರಿಸಿ, ದಿಗಂಬರನ ಅಜ್ಜನ ಮುಖ ಗುರುತಿಸಿ, ಕೋಲಿನಿಂದ ಗುಂಡಿಯನ್ನು ಮುಟ್ಟಿದಳು.

"ಅಯ್ಯ, ಕೋಟಿನವರು ಇವರು!" ಎಂದಳು. "ಬಾಡಿಗಿ ಕೋಟಿನವರು!"

"ಯವ್ವಾ, ಬಟ್ಟಿ ಅಂಗಡಿಯವರು," ಎಂದು ಕಲ್ಲಣ್ಣ ತಿದ್ದಿದ.

"ಯಾವ ಅಂಗಡಿ? ಒಂದು ಕೋಟು, ಒಂದು ಜರೀ ರುಮಾಲ, ಎರಡು ಪೀತಾಂಬರ. ಇಷ್ಟ. ನಮ್ಮತ್ತಿ ಹೇಳತಿದ್ದಳು. ಮಾವನ ಲಗ್ನದಾಗ ಅಕ್ಕಿಕಾಳು ಬಿದ್ದಾವ, ಇನ್ನಾ ಊಟಕ್ಕ ಕುಂತಿಲ್ಲ, ಈ ತಮ್ಮನ ಅಜ್ಜ ಹಂದರದ ಹಿಂದ ಬಂದು ನಿಂತಾನ. 'ಆಚೀ ದಂಡ್ಯಾಗ ಇನ್ನೊಂದು ಲಗ್ನ ಐತಿ, ಕೋಟು ಬಿಚ್ಚರಿ' ಅಂದಾನ. ಮಾವ, ಫೋಟೋ ಆಗೂತನಕ ಬಿಚ್ಚೂದಿಲ್ಲ ಅಂತ ಹಟಾ ಹಿಡದಾನ. ಆಮ್ಯಾಲ ಅಜ್ಜ ಕೋಟು ತಲೀಮ್ಯಾಲ ಇಟಗೊಂಡು ಹೊಳಿ ದಾಟಿದ. ಆಚೀ ಕಡಿ ಮದಿಮಗ ಬರೇ ಮೈಲೆ ಕುಂತಿದ್ದನಂತ!"

ಗಾಣದವರ ಮೊಮ್ಮಗ ತನ್ನ ಫೋಟೋದ ಹತ್ತಿರ ಹೋಗಿ ಬಗ್ಗಿ ನೋಡಿದ. ಅಡತಿಯವರೂ ನೋಡಿದರು. ಒಬ್ಬೊಬ್ಬರೇ ತಮ್ಮ ತಮ್ಮ ಹಿರಿಯರ ಎದೆಯ ಮೇಲೆ ಬೆರಳಿಟ್ಟು ಮೂರರವರೆಗೆ ಎಣಿಸತೊಡಗಿದರು. ಒಬ್ಬ ಮೆಲ್ಲಗೆ ಚೌಕಟ್ಟು ಇಳಿಸಿ ಎದೆಗವಚಿಕೊಂಡ. ದಿಗಂಬರನಿಗೆ ಭೂಮಿ ಬಾಯಿ ಬಿಡಬೇಕೆನಿಸಿತು. ಅದು ಸುತ್ತಲೂ ಬಿರುಕು ಬಿಟ್ಟೇ ಇತ್ತು, ಆದರೆ ಒಂದರೊಳಗೂ ಕಾಲಿನ ಹೆಬ್ಬೆರಳಿಗಿಂತ ಹೆಚ್ಚು ಹೋಗುವಂತಿರಲಿಲ್ಲ.

"ನಿನಗ ತಲಿ ಕೆಟ್ಟೈತಿ ಯವ್ವಾ!" ಕಲ್ಲಣ್ಣನ ಮುಖ ಕೆಂಪಾಗಿತ್ತು.

"ನನಗ ಕೆಟ್ಟೈತಿ. ಗುಂಡಿಗೂ ಕೆಟ್ಟೈತೇನು?"

ಏನಾದರೂ ಹೇಳಲೇಬೇಕಿತ್ತು. "ಬಾಡಿಗಿ ಅಂತಲ್ರೀ," ಎಂದ ದಿಗಂಬರ, ತನ್ನ ದನಿ ತನಗೇ ತೆಳ್ಳಗೆ ಕೇಳುತ್ತಿರಲು. "ಊರ ಮಂದಿ ಮ್ಯಾಲಿನ ಪ್ರೀತೀಲೆ ಕೊಡತಿದ್ದರು."

"ಪ್ರೀತಿ ಏನಿಲ್ಲ," ಎಂದಳು ಗುರುಲಿಂಗಮ್ಮ. "ಒಂದು ಪಡಿ ಜ್ವಾಳ ತಗೋತಿದ್ದ. ಭಾಳ ಬೆವತರ ಎರಡು."

ಆಗ ದ್ವಾರಕಾ ನಕ್ಕಳು. ಮೊದಲು ಸೆರಗಿನೊಳಗೆ, ಆಮೇಲೆ ಸೆರಗು ಬಿಟ್ಟು, ಕೊನೆಗೆ ಪೆಂಡಾಲಿನ ಕಂಬ ಹಿಡಿದುಕೊಂಡು. ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷದಲ್ಲಿ ಹೆಂಡತಿ ಹೀಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ಒಂದೊಂದು ನಗುವಿಗೂ ಒಂದೊಂದು ಬಾಗಿಲು ಕಿತ್ತು ಬೀಳುತ್ತಿರುವಂತೆ ಅವನು ಕಣ್ಣು ಮುಚ್ಚಿದ. ಇವಳು ಸುಮ್ಮನಾದ ಕೂಡಲೇ ಕಲ್ಲಣ್ಣ ಮಾತಾಡುತ್ತಾನೆ. ಮಾತಾಡಿದ ಕೂಡಲೇ ಸಂಬಂಧ ಮುರಿಯುತ್ತದೆ. ನಗಲಿ, ಸಂಜೆಯವರೆಗೂ ನಗಲಿ.

ಆದರೆ ಮಾತಾಡಿದವನು ಕೈಲಾಸ. "ಅಪ್ಪಾ, ಅದರಾಗೇನೈತಿ? ನಾನೂ ಶೇರವಾನಿ ಬಾಡಿಗೀಗೇ ಹಿಡದೀನಿ. ಸೊಲ್ಲಾಪುರದ ನವಿ ಪೇಠದಾಗ, ಅಂಗಡ್ಯಾಗ."

ಕಲ್ಲಣ್ಣ ಮಗನ ಕಡೆ ತಿರುಗಿದ. "ಹೊಲಿಸಾಕ ಹಾಕೀನಿ ಅಂದಿದ್ದೆಲ್ಲೋ!"

"ಒಂದು ದಿನಕ್ಕ ಯಾರ ಹೊಲಸತಾರ? ಈಗ ಎಲ್ಲಾರೂ ಹಂಗ ತಗೋತಾರ."

"ನಂದು ಘಾಗರಾನೂ ಅಲ್ಲೀದೇ, ಮಾಮಾ," ಎಂದಳು ಭಕ್ತಿ ಮೆಲ್ಲಗೆ. "ಇಬ್ಬರೂ ಕೂಡೇ ಹೋಗಿದ್ದಿವಿ. ಆಯೀನೂ ಇದ್ದಳು."

ದಿಗಂಬರ ಕಣ್ಣು ತೆರೆದು ಹೆಂಡತಿಯನ್ನು ನೋಡಿದ. ಅವಳು ಕಣ್ಣೊರೆಸಿಕೊಳ್ಳುತ್ತ ತಲೆಯಾಡಿಸಿದಳು. ತನ್ನ ಮನೆಯಲ್ಲಿ ತನಗೊಬ್ಬನಿಗೇ ಗೊತ್ತಿರಲಿಲ್ಲ. ಈ ಅವಮಾನ ಮಾತ್ರ ಉಳಿದವುಗಳ ಹಾಗೆ ಉರಿಯಲಿಲ್ಲ. ಬಿಸಿಲಲ್ಲಿ ಬಂದವನಿಗೆ ಯಾರೋ ಮುಖಕ್ಕೆ ನೀರು ಎರಚಿದ ಹಾಗಿತ್ತು. ಕಲ್ಲಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡ. ಬೀರಣ್ಣ ಹೊರಗಿನಿಂದ, "ಊಟಕ್ಕ ಏಳ್ರೆಪಾ, ಝುಣಕಾ ಆರಾಕತ್ತೈತಿ" ಎಂದು ಕೂಗಿದ್ದು ಆಗ ಎಲ್ಲರಿಗೂ ದೇವರೇ ಕೂಗಿದಂತೆ ಕೇಳಿಸಿತು. ಜನ ಚೌಕಟ್ಟುಗಳನ್ನು ಬಿಟ್ಟು ಪಾಯಗಳ ಕಡೆ ಹೊರಟರು.

ಗುರುಲಿಂಗಮ್ಮ ದಿಗಂಬರನ ರಟ್ಟೆ ಹಿಡಿದು ನೀರಿನಂಚಿಗೆ ಕರೆದೊಯ್ದಳು. ಎಲ್ಲ ಕೂಡಿ ಒಂದು ಮಂಚದಷ್ಟು ಅಗಲದ ನಾಲ್ಕು ಕಲ್ಲು, ಒಂದು ಮೂಲೆಗೆ ನೀರು ಬಡಿಯುತ್ತಿತ್ತು. "ಇದ ತಮ್ಮಾ ನಿಮ್ಮದು. ಕುಂಡ್ರು," ಎಂದು ಹೇಳಿ, ಅವನು ಕುಳಿತದ್ದನ್ನು ಖಾತ್ರಿ ಮಾಡಿಕೊಂಡು, ಹೆಂಗಸರ ಸಾಲಿಗೆ ಹೊರಟುಹೋದಳು. ಒಂದು ಬಾಗಿಲಿಗೂ ಜಾಗ ಕಡಿಮೆಯೇ. ತಾಟು ಬಂತು: ಕಟಕ ರೊಟ್ಟಿ, ಝುಣಕಾ, ಶೇಂಗಾ ಚಟ್ನಿ. ರೊಟ್ಟಿ ಮುರಿದ ಸದ್ದು ಅವನಿಗೆ ಬಹಳ ಜೋರಾಗಿ ಕೇಳಿಸಿತು. ಹಸಿವಾಗಿತ್ತು. ಇಷ್ಟು ಹೊತ್ತು ಹಸಿದಿದ್ದದ್ದೂ ತಿಳಿದಿರಲಿಲ್ಲ.

ಕಲ್ಲಣ್ಣನ ವಾಡೆ ನೀರಿನಲ್ಲಿದ್ದುದರಿಂದ ಅವನಿಗೆ ದಂಡೆಯಲ್ಲಿ ಕುರ್ಚಿ ಹಾಕಿದ್ದರು. ಕುಳಿತ ಕೂಡಲೇ ಅದರ ಹಿಂಗಾಲು ಎರಡೂ ಹಸಿ ಕೆಸರಿಗಿಳಿದು, ಅವನು ಆಕಾಶ ನೋಡುವ ಭಂಗಿಯಲ್ಲಿ ಒರಗಿಬಿಟ್ಟ. ಎದ್ದು, ಸುತ್ತ ನೋಡಿ, ತಾಟು ಹಿಡಿದು ದಿಗಂಬರನ ಕಲ್ಲಿನ ಹತ್ತಿರ ಬಂದು ನಿಂತ. ಹಾಂ, ಈಗ ಹೇಳುತ್ತಾನೆ ಎಂದುಕೊಂಡ ದಿಗಂಬರ.

"ಸರೀರಿ ಒಂದೀಟು," ಎಂದ ಕಲ್ಲಣ್ಣ.

ಅವನು ಸರಿದ. ಇಬ್ಬರ ತೊಡೆ ಒಂದಕ್ಕೊಂದು ಒತ್ತಿದವು. ಒಂದೊಂದು ರೊಟ್ಟಿ ಮುಗಿಯಿತು. ಆಮೇಲೆ ಕಲ್ಲಣ್ಣ ಹಿಂದೆ ಮುಂದೆ ನೋಡಿ, ಈ ಬದುವಿನಿಂದ ಆ ಬದುವಿಗೆ ಕೂಗುವ ಆ ಮನುಷ್ಯ, ದಿಗಂಬರನ ಕಿವಿಗೆ ಬಾಯಿ ತಂದು ಪಿಸುಗುಟ್ಟಿದ:

"ಆ ನವಿ ಪೇಠದಾಗ ಹಿರೇ ಮನಷ್ಯಾರವೂ ಸಿಗತಾವೇನ್ರಿ, ಕೋಟು? ನನ್ನ ಅಳತೀದು?"

ದಿಗಂಬರ ಬೆರಳು ನೆಕ್ಕಿ, ಬೀಗನನ್ನು ಮೇಲಿನಿಂದ ಕೆಳಗೆ ನೋಡಿದ. "ಎದ್ದು ನಿಂದರ್ರಿ." ಕಲ್ಲಣ್ಣ ತಾಟಿನ ಸಮೇತ ಎದ್ದು ನಿಂತ. "ತಿರಗರಿ." ತಿರುಗಿದ.

"ಭುಜಾ ಅಗಲ ಅವ, ಸಿಗತದ. ಹೊಟ್ಟೀ ಹತ್ತರ ಎರಡು ಬಟ್ಟು ಬಿಡಿಸಬೇಕಾಗತದ."

"ಬಾಡಿಗೀದು ಬಿಡಸತಾರೇನ್ರಿ?"

"ಉಳಿದವರಿಗೆ ಬಿಡಸೂದಿಲ್ಲ," ಎಂದ ದಿಗಂಬರ, ಇನ್ನೊಂದು ರೊಟ್ಟಿ ಮುರಿಯುತ್ತ. "ನಾ ಹೇಳಿದರ ಬಿಡಸತಾರ. ನವಿ ಪೇಠ ಅಂದರ ನಮ್ಮ ಮನೀ ಇದ್ದಂಗ."

ನವಿ ಪೇಠದಲ್ಲಿ ಅವನಿಗೆ ಒಬ್ಬನ ಪರಿಚಯವೂ ಇರಲಿಲ್ಲ.